ನೀನು ಬರಬೇಡ, ಅಕ್ಕ

ಮಾರ್ಚ್ ೧೬, ಭಾನುವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಊದಿಸಿಕೋ, ತಪ್ಪು ನನ್ನದೇ. ಆದರೆ ಬೈಂಡಿಂಗ್ ಶಾಪಿನಲ್ಲಿ ಇದು ಶಾಲೆಗಳ ಹಾಜರಿ ಪುಸ್ತಕಗಳ ಕಾಲ. ಬೆಳಗಿನಿಂದ ಸಂಜೆಯವರೆಗೆ ಮಡಚುವುದು, ಹೊಲಿಯುವುದು, ರಟ್ಟಿಗೆ ಅಂಟು ಬಳಿಯುವುದು. ಮನೆಗೆ ಬಂದು ಕೈ ತೊಳೆದರೂ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಆ ಕೈಯಲ್ಲಿ ಪೆನ್ನು ಹಿಡಿದರೆ ಅದೂ ಬಿಡುವುದಿಲ್ಲ.

ಫೋನಿನಲ್ಲಿ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ಮನೆ ಇರುವುದೇ ಎರಡು ಕೋಣೆ. ನಮ್ಮ ತಮ್ಮರಾಯ ಕಿಟಕಿ ಹತ್ತಿರ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಗಡಿಯಾರದ ಹೊಟ್ಟೆ ಬಿಚ್ಚುತ್ತಿದ್ದರೂ ಎರಡೂ ಕಿವಿ ನನ್ನ ಕಡೆಗೇ ಇರುತ್ತವೆ. ಅವನ ಮೇಲಿನ ದೂರನ್ನು ಅವನೆದುರೇ ನಿನಗೆ ಹೇಳುವುದು ಹೇಗೆ? ಈಗ ಅವನು ಮನೆಯಲ್ಲಿಲ್ಲ. ಹೌದು ಕಣೇ, ಮನೆಯಲ್ಲಿಲ್ಲ. ಒಬ್ಬನೇ ಹೊರಗೆ ಹೋಗಿದ್ದಾನೆ. ಇದು ಆರನೇ ಭಾನುವಾರ. ಅದನ್ನೇ ಬರೆಯಲು ಕೂತಿದ್ದೇನೆ.

ಇದಕ್ಕೆಲ್ಲ ಮೂಲ ನೀನು. "ಅಕ್ಕ, ಅವನನ್ನ ಹದಿನೆಂಟು ವರ್ಷದಿಂದ ಆಸ್ಪತ್ರೆಗೆ ಬಿಟ್ರೆ ಬೇರೆಲ್ಲೂ ಕರ್ಕೊಂಡು ಹೋಗಿಲ್ಲ ನೀನು" ಎಂದು ಬರೆದಿದ್ದೆಯಲ್ಲ. ಓದಿ ನನಗೆ ಮೈ ಉರಿದುಹೋಯಿತು. ಲಾರಿ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನನ್ನು ಎತ್ತಿ, ಕೂರಿಸಿ, ಸ್ನಾನ ಮಾಡಿಸಿ, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವಳು ನಾನು. ನೀನು ವರ್ಷಕ್ಕೊಮ್ಮೆ ಬಂದು, ಅವನ ಜೊತೆ ಇಸ್ಪೀಟು ಆಡಿ, ಗೆದ್ದು ಹೋಗುವವಳು. ಹೀಗೆಲ್ಲ ಬೈದು ಒಂದು ಉತ್ತರವನ್ನೂ ಬರೆದಿದ್ದೆ. ಹರಿದುಹಾಕಿದೆ.

ಅದೇ ವಾರ ಶಾಪಿಗೆ ನಗರಸಭೆಯ ಕೆಲಸವೊಂದು ಬಂತು. 'ಎಲ್ಲರಿಗೂ ನಗರ' ಎಂಬ ಪುಟ್ಟ ಪುಸ್ತಕ, ಎರಡು ಸಾವಿರ ಪ್ರತಿ. ಗಾಲಿಕುರ್ಚಿಯಲ್ಲಿ ಓಡಾಡುವವರು, ಕೋಲು ಹಿಡಿದು ನಡೆಯುವವರು ಸಲೀಸಾಗಿ ಹೋಗಬಹುದಾದ ಇಪ್ಪತ್ತೊಂದು ಜಾಗಗಳ ಪಟ್ಟಿ. ಪ್ರತಿ ಪುಟದಲ್ಲೂ ಗಾಲಿಕುರ್ಚಿಯ ಚಿತ್ರ, ಅದರ ಪಕ್ಕ ಒಂದು ಸರಿ ಗುರುತು. ಹೊಲಿಯುತ್ತ ಹೊಲಿಯುತ್ತ ಪೂರ್ತಿ ಓದಿದೆ. ಅಂಚು ಸ್ವಲ್ಪ ಓರೆಯಾಗಿ ಕತ್ತರಿಸಿಹೋಗಿದ್ದ ಒಂದು ಪ್ರತಿಯನ್ನು ಯಜಮಾನರನ್ನು ಕೇಳಿಯೇ ಮನೆಗೆ ತಂದೆ.

ಮೊದಲ ಭಾನುವಾರ ವಸ್ತುಸಂಗ್ರಹಾಲಯ. ಅದು ಪಟ್ಟಿಯಲ್ಲಿ ಮೊದಲನೆಯದು, ಮನೆಯಿಂದ ಒಂದೂವರೆ ಕಿಲೋಮೀಟರು. ತಳ್ಳಿಕೊಂಡೇ ಹೋದೆ. ರಸ್ತೆಬದಿಯ ಕಾಲುದಾರಿ ಇದೆಯಲ್ಲ, ಅದು ನಡೆಯುವವರಿಗೆ ಮಾತ್ರ ಕಾಲುದಾರಿ. ತಳ್ಳುವವರಿಗೆ ಅಲ್ಲೊಂದು ವಿದ್ಯುತ್ ಕಂಬ, ಇಲ್ಲೊಂದು ಎದ್ದ ಕಲ್ಲು, ಮುಂದೆ ಯಾರೋ ನಿಲ್ಲಿಸಿದ ಸ್ಕೂಟರು. ಇಳಿ, ರಸ್ತೆಯಲ್ಲಿ ಸಾಗು, ಮತ್ತೆ ಹತ್ತು. ಹಿಂದಿನಿಂದ ಕಾರಿನವರ ಹಾರ್ನು. "ಅಕ್ಕ, ನೀನು ಏದುಸಿರು ಬಿಡ್ತಿರೋದು ನನ್ನ ಕತ್ತಿಗೆ ಬಡೀತಿದೆ" ಎಂದು ಇವನು.

ಹೋಗಿ ನೋಡಿದರೆ ಎದುರಿಗೆ ಹನ್ನೊಂದು ಮೆಟ್ಟಿಲು.

"ರ್‍ಯಾಂಪ್ ಇದೆಯಮ್ಮ, ಹಿಂದ್ಗಡೆ" ಎಂದ ಕಾವಲುಗಾರ. ಸುತ್ತಿಕೊಂಡು ಹೋದೆವು. ಕಸದ ತೊಟ್ಟಿಗಳ ನಡುವೆ, ನಿಜವಾಗಿಯೂ, ಚೆಂದದ ರ್‍ಯಾಂಪು. ಎರಡೂ ಕಡೆ ಕಂಬಿ. ಮೇಲೆ ಬಾಗಿಲು. ಬಾಗಿಲಿಗೆ ಬೀಗ.

"ಬೀಗ ಯಾಕೆ?"

"ಬಿಟ್ರೆ ಎಲ್ರೂ ಹತ್ತಿಬಿಡ್ತಾರಮ್ಮ."

"ಹತ್ತೋಕೇ ಅಲ್ವೇನಪ್ಪ ಕಟ್ಟಿರೋದು?"

"ಅದು ನಿಜ. ಆದ್ರೆ ಕೀ ಮೇಲ್ವಿಚಾರಕರ ಹತ್ರ ಇರುತ್ತೆ. ಅವರಿಗೆ ಭಾನುವಾರ ರಜೆ."

"ಜನ ಬರೋದೇ ಭಾನುವಾರ."

"ಅದೂ ನಿಜ."

ಇಂಥವರ ಜೊತೆ ಜಗಳ ಆಡುವುದು ಹೇಗೆ ಹೇಳು? ಎಲ್ಲದಕ್ಕೂ ಒಪ್ಪಿಕೊಳ್ಳುತ್ತಾರೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಕೊನೆಗೆ ಅವನಿಗೇ ಅಯ್ಯೋ ಎನಿಸಿ, "ಮೂರು ಜನ ಸೇರಿ ಕುರ್ಚಿ ಸಮೇತ ಎತ್ತಿಬಿಡ್ತೀವಿ" ಎಂದ. ತಮ್ಮ ಆಗ ಬಾಯಿ ಬಿಟ್ಟ. "ನಾನೇನು ಬೀರುನಾ?" ಅಷ್ಟೇ ಅಂದದ್ದು. ಕಾವಲುಗಾರ ತಲೆ ಕೆರೆದುಕೊಂಡು ನನಗೆ ಇನ್ನೊಂದು ದಾರಿ ತೋರಿಸಿದ. "ನೀವು ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ಅವರಿಗೆ ಹೇಳಿ." ನಾನು ಅಲ್ಲೇ ಒಂದು ಗಂಟೆ ಕೂಗಾಡಿದೆ. ಜನ ಸೇರಿದರು. ಕೆಲವರು ಫೋನು ತೆಗೆದು ಚಿತ್ರ ಹಿಡಿದರು. ಇವನು ತಲೆ ತಗ್ಗಿಸಿಕೊಂಡು, ಚಕ್ರದ ಕಡ್ಡಿಗಳನ್ನು ಎಣಿಸುವವನ ಹಾಗೆ ಕೂತಿದ್ದ. ಬಾಗಿಲು ತೆರೆಯಲಿಲ್ಲ.

ಎರಡನೇ ಭಾನುವಾರ ಸಸ್ಯೋದ್ಯಾನ. ಈ ಸಲ ಟ್ಯಾಕ್ಸಿ. ಡ್ರೈವರ್ ಕುರ್ಚಿಯನ್ನು ಡಿಕ್ಕಿಗೆ ತುಂಬಿ, ಮುಚ್ಚಳ ಮುಚ್ಚಲಾಗದೆ, ಹಗ್ಗ ಬಿಗಿದು, ದಾರಿಯುದ್ದಕ್ಕೂ ತನ್ನ ಡಿಕ್ಕಿಯ ಬಗ್ಗೆ ಗೋಳಾಡಿದ. ಉದ್ಯಾನದ ಗೇಟಿನಲ್ಲಿ ಸೈಕಲ್ಲು ನುಗ್ಗದಿರಲೆಂದು ಕಬ್ಬಿಣದ ಕಂಬಿಗಳನ್ನು ಅಂಕುಡೊಂಕಾಗಿ ನೆಟ್ಟಿದ್ದಾರೆ. ಸೈಕಲ್ಲಿಗೆ ಆಗದ್ದು ಗಾಲಿಕುರ್ಚಿಗೆ ಹೇಗಾದೀತು? ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪುಸ್ತಕದಲ್ಲಿ ನಾನೇ ಹೊಲಿದ ಪುಟದಲ್ಲಿ ಸರಿ ಗುರುತು ಇತ್ತಲ್ಲ, ಅದನ್ನು ಟಿಕೆಟ್ ಕೊಡುವವಳ ಮುಖಕ್ಕೆ ಹಿಡಿದೆ. ಅವಳು ಪುಸ್ತಕ ನೋಡಿ, "ಚೆನ್ನಾಗಿ ಮಾಡಿದಾರೆ" ಅಂದಳು.

ಅಂತೂ ಸಾಮಾನಿನ ಗಾಡಿ ಬರುವ ಗೇಟು ತೆರೆಸಿ ಒಳಗೆ ಹೋದೆವು. ಹೂವು ಏನು ನೋಡಿದೆನೋ ನೆನಪಿಲ್ಲ. ಜಲ್ಲಿಕಲ್ಲಿನ ದಾರಿ, ಚಕ್ರ ಹೂತುಹೋಗುವುದು, ಹಿಂದಕ್ಕೆ ಎಳೆಯುವುದು, ಅಷ್ಟೇ. ಕೊನೆಗೆ ಟೀ ಅಂಗಡಿಯ ಹತ್ತಿರ ನಿಂತೆವು. ಅಂಗಡಿಯವನು ತಮ್ಮನ ತಲೆಯ ಮೇಲಿಂದ ನನ್ನನ್ನು ಕೇಳಿದ, "ಇವರಿಗೆ ಏನ್ ಕೊಡ್ಲಿ?"

"ಇವನಿಗೆ ಟೀ ಬೇಡ. ಹಾಲು ಕೊಡಿ, ಸಕ್ಕರೆ ಕಮ್ಮಿ" ಅಂದೆ.

ತಮ್ಮ ಹಾಲಿನ ಲೋಟವನ್ನು ಹಿಡಿದುಕೊಂಡೇ ಕೂತ. ಕುಡಿಯಲಿಲ್ಲ. ಟ್ಯಾಕ್ಸಿಯಲ್ಲಿ ಅರ್ಧ ದಾರಿ ಬಂದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ಹೇಳಿದ. "ಅವನು ನನ್ನ ಕೇಳಲಿಲ್ಲ, ಸರಿ. ಅವನು ಯಾರೋ. ನೀನೂ ಕೇಳಲಿಲ್ವಲ್ಲ ಅಕ್ಕ."

"ನಿಂಗೆ ಟೀ ಕುಡಿದ್ರೆ ಎದೆ ಉರಿ ಬರುತ್ತೆ ಕಣೋ!"

"ಬರ್ಲಿ. ನನ್ನ ಎದೆ ತಾನೆ."

ಆಮೇಲೆ ಮೂರು ದಿನ ಮಾತಿಲ್ಲ. ನಿನಗೆ ಗೊತ್ತಲ್ಲ, ಅವನು ಮಾತು ಬಿಟ್ಟರೆ ಮನೆಯಲ್ಲಿ ಗಡಿಯಾರಗಳದ್ದೇ ಕಾರುಬಾರು. ಹತ್ತು ಗಡಿಯಾರ ಹತ್ತು ಥರ ಟಿಕ್ ಟಿಕ್ ಎನ್ನುತ್ತಿದ್ದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ನಾನೂ ತಟ್ಟೆ ಸ್ವಲ್ಪ ಜೋರಾಗಿಯೇ ಇಟ್ಟೆ. ನಾಲ್ಕನೇ ದಿನ ಅವನೇ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಈ ಭಾನುವಾರ ನಾನು ಕೆರೆ ಹತ್ರ ಹೋಗ್ತೀನಿ. ಮರದ ಹಲಗೆ ಹಾಕಿ ಹೊಸದಾಗಿ ನಡೆಯೋ ದಾರಿ ಮಾಡಿದಾರಂತೆ. ನಿನ್ನ ಪುಸ್ತಕದ ಕೊನೇ ಪುಟದಲ್ಲಿ ರ್‍ಯಾಂಪ್ ಇರೋ ವ್ಯಾನಿನವರ ನಂಬರ್ ಇತ್ತು, ಮಾತಾಡಿದೀನಿ."

"ಒಳ್ಳೇದು. ಎಷ್ಟು ಗಂಟೆಗೆ ಹೊರಡೋದು?"

"ನಾನು ಹತ್ತಕ್ಕೆ ಹೊರಡ್ತೀನಿ."

"ಹಾಗಾದ್ರೆ ನಾನು ಒಂಬತ್ತಕ್ಕೆಲ್ಲ ಅಡುಗೆ ಮುಗಿಸಿ..."

"ನೀನು ಬರಬೇಡ, ಅಕ್ಕ."

ನಾನು ನಕ್ಕೆ. ಹುಚ್ಚು ನಗು. ಕುರ್ಚಿ ಎಲ್ಲಾದರೂ ಸಿಕ್ಕಿಕೊಂಡರೆ? ಮೂತ್ರದ ಚೀಲ ತುಂಬಿದರೆ? ಇಳಿಜಾರಿನಲ್ಲಿ ಕೈ ಜಾರಿದರೆ? ಒಂದೊಂದೇ ಕೇಳಿದೆ. ಅವನು ಒಂದೊಂದಕ್ಕೂ ಉತ್ತರ ಇಟ್ಟುಕೊಂಡಿದ್ದ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಮೂರು ದಿನ ಮಾತು ಬಿಟ್ಟು ಕೂತಿದ್ದವನು ಇದನ್ನೇ ತಯಾರಿ ಮಾಡಿದ್ದಾನೆ! "ಹೋಗು, ಕೆರೆಗೆ ಬಿದ್ದು ಸಾಯಿ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು, "ಕಂಬಿ ಹಾಕಿದಾರಂತೆ, ಬೀಳೋಕಾಗಲ್ಲ" ಅಂದ, ಆರಾಮಾಗಿ.

ಭಾನುವಾರ ಹತ್ತಕ್ಕೆ ಸರಿಯಾಗಿ ವ್ಯಾನು ಬಂತು. ವ್ಯಾನಿನವಳು ಹೆಂಗಸು, ನನ್ನ ವಯಸ್ಸಿನವಳೇ, ತಲೆಗೆ ಟೋಪಿ. ನಾನು ಅವಳಿಗೆ ಮೆಲ್ಲಗೆ ಹೇಳತೊಡಗಿದೆ. ಅವನ ಬೆನ್ನು ಹೀಗೆ, ಕಾಲಿನ ಪಟ್ಟಿ ಹೀಗೆ, ಬಿಸಿಲು ಕಂಡರೆ ಹಾಗೆ. ಅವಳು ಎಲ್ಲ ಕೇಳಿಸಿಕೊಂಡು, "ಅವರೇ ಎಲ್ಲ ಹೇಳಿದಾರಮ್ಮ" ಅಂದಳು. ಹಿಂಬಾಗಿಲಿನಿಂದ ಲೋಹದ ಹಲಗೆ ಕೆಳಗಿಳಿಯಿತು. ಅವನು ತಾನೇ ಚಕ್ರ ತಿರುಗಿಸಿಕೊಂಡು ಹತ್ತಿದ. ಹಿಂದೆ ತಿರುಗಿ ನೋಡಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಯಿತು.

ನಾನು ಒಳಗೆ ಬಂದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ. ಹತ್ತು ನಿಮಿಷ ತಡೆದೆ, ನಿನ್ನಾಣೆಗೂ ಹತ್ತು ನಿಮಿಷ. ಆಮೇಲೆ ಬಾಗಿಲಿಗೆ ಬೀಗ ಜಡಿದು ಬಸ್ಸು ಹತ್ತಿದೆ.

ನಗಬೇಡ. ಕೆರೆಯ ಹತ್ತಿರ ಇಳಿದು, ಕಳ್ಳಿಯ ಹಾಗೆ ಐಸ್‌ಕ್ರೀಮ್ ಗಾಡಿಯ ಹಿಂದೆ ನಿಂತೆ. ಗಾಡಿಯವನು ಎರಡು ಸಲ ನೋಡಿದ. ಓಡಿಸಿಬಿಟ್ಟಾನೆಂದು ಒಂದು ಐಸ್‌ಕ್ರೀಮ್ ಕೊಂಡೆ. ದೂರದಲ್ಲಿ ತಮ್ಮ ಕಾಣಿಸಿದ. ಹಲಗೆ ದಾರಿಯ ಮೇಲೆ ಮೆಲ್ಲಗೆ ಸಾಗುತ್ತಿದ್ದ. ನಿಲ್ಲುತ್ತಿದ್ದ, ನೀರು ನೋಡುತ್ತಿದ್ದ, ಮತ್ತೆ ಸಾಗುತ್ತಿದ್ದ. ಎಷ್ಟು ನಿಧಾನ! ನಾನು ತಳ್ಳಿದ್ದರೆ ಅಷ್ಟು ಹೊತ್ತಿಗೆ ಎರಡು ಸುತ್ತು ಆಗುತ್ತಿತ್ತು. ಹಿಂದಿನಿಂದ ಕಂಡ ಅವನ ಭುಜ ಅಷ್ಟು ಅಗಲ ಯಾವಾಗ ಆಯಿತೋ ನನಗೆ ಗೊತ್ತೇ ಇರಲಿಲ್ಲ.

ಆಗಲೇ ಆಯಿತು ನೋಡು. ಎರಡು ಹಲಗೆಗಳ ಸಂದಿಯಲ್ಲಿ ಮುಂದಿನ ಪುಟ್ಟ ಚಕ್ರ ಇಳಿದುಹೋಯಿತು. ಕುರ್ಚಿ ಮುಗ್ಗರಿಸಿ ನಿಂತಿತು. ಓಡಿದೆ. ನಾಲ್ಕು ಹೆಜ್ಜೆ ಓಡಿರಬೇಕು, ಅಷ್ಟರಲ್ಲಿ ಅವನು ಕೈ ಎತ್ತಿದ. ನನಗಲ್ಲ. ಬೆಂಚಿನ ಮೇಲೆ ಇಬ್ಬರು ಮುದುಕರು ಕೂತಿದ್ದರು, ಅವರಿಗೆ. "ಯಜಮಾನ್ರೇ, ಸ್ವಲ್ಪ ಕೈ ಹಾಕ್ತೀರಾ?" ಎಂದು ಕೂಗಿದ್ದು ನನಗೂ ಕೇಳಿಸಿತು. ಅಲ್ಲೇ ನಿಂತುಬಿಟ್ಟೆ.

ತಂಗಿ, ನಾನು ಆ ಧ್ವನಿ ಕೇಳಿದ್ದೇ ಇಲ್ಲ. ನಮ್ಮ ತಮ್ಮ ಇನ್ನೊಬ್ಬರ ಹತ್ತಿರ ಸಹಾಯ ಕೇಳಿದ್ದನ್ನು ನಾನು ಈ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಅವನಿಗೆ ನಾಚಿಕೆ, ಸ್ವಾಭಿಮಾನ ಎಂದುಕೊಂಡಿದ್ದೆ. ಅವನು ಬಾಯಿ ತೆರೆಯುವ ಮೊದಲೇ ನಾನು ಹೋಗಿ ನಿಂತಿರುತ್ತಿದ್ದೆ, ಇನ್ನು ಕೇಳುವುದೆಲ್ಲಿ ಬಂತು?

ಮುದುಕರು ಎದ್ದು ಬಂದರು. ಒಬ್ಬರು ಎತ್ತಿದರು, ಇನ್ನೊಬ್ಬರು ಎತ್ತುವುದು ಹೇಗೆಂದು ಹೇಳಿಕೊಟ್ಟರು. ಚಕ್ರ ಮೇಲೆ ಬಂತು. ಅಷ್ಟಕ್ಕೇ ಹೋಗಲಿಲ್ಲ, ಮಾತಿಗೆ ನಿಂತರು. ಒಬ್ಬರು ಕೈಗಡಿಯಾರ ಬಿಚ್ಚಿ ಕೊಟ್ಟರು. ಇವನು ಕಿವಿಗೆ ಹಿಡಿದು, ತಲೆ ಆಡಿಸಿ, ಏನೋ ಹೇಳಿದ. ಮೂವರೂ ನಕ್ಕರು. ಇವನು ತಲೆ ಹಿಂದಕ್ಕೆ ಹಾಕಿ ನಕ್ಕ. ಐಸ್‌ಕ್ರೀಮ್ ಕರಗಿ ನನ್ನ ಮೊಣಕೈವರೆಗೆ ಇಳಿದಿತ್ತು. ಗಾಡಿಯವನು ಕೇಳಿದ, "ಯಾರಿಗಾದ್ರೂ ಕಾಯ್ತಿದೀರೇನಮ್ಮ?"

"ಇಲ್ಲ" ಅಂದೆ.

ಅವನಿಗಿಂತ ಮೊದಲು ಮನೆ ಸೇರಿ, ತರಕಾರಿ ಹೆಚ್ಚುತ್ತ ಕೂತೆ. ವ್ಯಾನು ಬಂತು. ಅವನ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು. ನಾನು ಏನೂ ತಿಳಿಯದವಳ ಹಾಗೆ, "ಹೇಗಿತ್ತೋ?" ಅಂದೆ.

"ಚೆನ್ನಾಗಿತ್ತು. ನೀನು ಯಾವ ಐಸ್‌ಕ್ರೀಮ್ ತಗೊಂಡೆ?"

ನಾನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅವನು ಕುರ್ಚಿಯನ್ನು ಹತ್ತಿರ ತಂದ. "ಓಡಿ ಬಂದವಳು ಅಲ್ಲೇ ನಿಂತೆಯಲ್ಲ ಅಕ್ಕ. ಅದು ನಿನಗೆ ಎಷ್ಟು ಕಷ್ಟ ಅಂತ ನಂಗೊತ್ತು" ಅಂದ. ನನಗೆ ಅಳು ಬರುವ ಹಾಗಾಯಿತು. ಅದಕ್ಕೇ, "ಮೂಗಿಗೆ ಎಣ್ಣೆ ಹಚ್ಕೋ, ಸಿಪ್ಪೆ ಏಳುತ್ತೆ" ಎಂದು ಗದರಿದೆ.

ಅಲ್ಲಿಂದ ಶುರು. ಈಗ ಪ್ರತಿ ಭಾನುವಾರ ಅವನದೇ ದರ್ಬಾರು. ಆ ಇಬ್ಬರು ಮುದುಕರು, ವ್ಯಾನಿನವಳು, ಕೋಲು ಹಿಡಿದ ಒಬ್ಬ ನಿವೃತ್ತ ಮೇಷ್ಟ್ರು, ಇಷ್ಟು ಜನ ಸೇರಿ ಗುಂಪು ಮಾಡಿಕೊಂಡಿದ್ದಾರೆ. ಕೆರೆದಂಡೆಯಲ್ಲಿ ಕೂತು ಜನರ ಗಡಿಯಾರ ನೋಡುತ್ತಾನಂತೆ. ಬರುವಾಗ ಜೇಬಿನ ತುಂಬ ನಿಂತುಹೋದ ಗಡಿಯಾರ. ಗುಂಪಾದ ಮೂರನೇ ವಾರ ಎಲ್ಲರೂ ಸೇರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದಾರೆ. ಬೀಗ ಹಾಕಿದ ರ್‍ಯಾಂಪಿನ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು, ಸುಮ್ಮನೆ ಕೂತಿದ್ದಾರೆ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕಾವಲುಗಾರನಿಗೂ ಕೊಟ್ಟು, ಎರಡು ತಾಸು ಹರಟೆ ಹೊಡೆದಿದ್ದಾರೆ. ಕೊನೆಗೆ ಕಾವಲುಗಾರನೇ ಮೇಲ್ವಿಚಾರಕರ ಮನೆಗೆ ಹೋಗಿ ಕೀ ತಂದನಂತೆ. ಈಗ ಅದು ಕಾವಲುಗಾರನ ಕೋಣೆಯ ಮೊಳೆಗೇ ನೇತಾಡುತ್ತದೆ. ನಾನು ಒಂದು ಗಂಟೆ ಗಂಟಲು ಹರಿದುಕೊಂಡದ್ದಕ್ಕೆ ಸಿಗದ ಕೀ, ಇವರ ಹರಟೆಗೆ ಸಿಕ್ಕಿತು! ಕೇಳಿ ನನಗೆ ಸಂತೋಷವೂ ಆಯಿತು, ಎದ್ದು ಹೋಗಿ ಆ ಕಾವಲುಗಾರನ ಕಿವಿ ಹಿಂಡಬೇಕೆಂದೂ ಅನಿಸಿತು.

ಇನ್ನು ಮನೆಯ ರಗಳೆ ಕೇಳು. ಅವನು ಈಗ ಊಟಕ್ಕೆ ಇಷ್ಟು ಹೊತ್ತಿಗೆ ಬರುತ್ತೇನೆ ಎನ್ನುತ್ತಾನೆ, ಬರುವುದಿಲ್ಲ. ಫೋನು ಮಾಡಿದರೆ, "ಮಾತಾಡ್ತಾ ಕೂತಿದೀವಿ ಅಕ್ಕ" ಎನ್ನುತ್ತಾನೆ. ಟೀ ಕುಡಿಯುತ್ತಾನೆ, ಎದೆ ಉರಿ ಬರುತ್ತದೆ, ನನಗೆ ಹೇಳದೆ ಮಾತ್ರೆ ನುಂಗುತ್ತಾನೆ. ಮಾತ್ರೆಯ ಕಾಗದ ಸಿಕ್ಕಾಗ ನಾನು ಕೂಗುತ್ತೇನೆ. ಅವನು ನಗುತ್ತಾನೆ. ನೀನೇ ಅವನಿಗೊಂದು ಬುದ್ಧಿಮಾತು ಬರೆ. ಬೇಡ, ಬರೆಯಬೇಡ. ನೀನು ಬರೆದಾಗಲೆಲ್ಲ ಏನಾದರೊಂದು ಆಗುತ್ತದೆ.

ನಿನ್ನ ಮಂಡಿನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೋ, ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು. ದೊಡ್ಡವಳ ಪರೀಕ್ಷೆ ಮುಗಿಯಿತೇ? ಅವಳಿಗೆಂದು ಉಳಿದ ಹಾಳೆಗಳಿಂದ ಒಂದು ದಪ್ಪ ನೋಟ್‌ಬುಕ್ ಕಟ್ಟಿದ್ದೇನೆ, ಹಸಿರು ರಟ್ಟು. ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ. ಚಿಕ್ಕವನಿಗೆ ಅತ್ತಿತ್ತ ನೋಡಿ ರಸ್ತೆ ದಾಟಲು ಹೇಳು. ನಿಮ್ಮವರಿಗೆ ನನ್ನ ನಮಸ್ಕಾರ. ಎಲ್ಲರೂ ತಣ್ಣಗಿರಿ. ನೀವು ನಾಲ್ಕು ಜನ ಕಷ್ಟವಿಲ್ಲದೆ ಇದ್ದರೆ ನನಗೆ ಇಲ್ಲಿ ಅರ್ಧ ಹೊಟ್ಟೆ ತುಂಬಿದ ಹಾಗೆ.

ನಿನ್ನನ್ನು ಸದಾ ಬೈಯುತ್ತ ನೆನೆಯುವ,
ಅಕ್ಕ

ಮರೆತದ್ದು: ಮರೆತದ್ದಲ್ಲ. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸುತ್ತಲೇ ಮೇಲಿನದೆಲ್ಲ ಬರೆದದ್ದು.

ಹೋದ ಭಾನುವಾರ ಹೊರಡುವಾಗ ಅವನು, "ನೀನೂ ಎಲ್ಲಾದ್ರೂ ಹೋಗಿ ಬಾ ಅಕ್ಕ, ಮನೇಲಿ ಕೂತು ಏನ್ ಮಾಡ್ತೀಯ?" ಅಂದ. ಸರಿ, ಹೋಗೋಣ ಎನಿಸಿತು. ತಲೆ ಬಾಚಿಕೊಂಡೆ. ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟೆ. ಬಸ್ಸು ಬಂತು, ಹತ್ತಿ ಕೂತೆ. ಕಂಡಕ್ಟರ್ ಬಂದು, "ಎಲ್ಲಿಗೆ?" ಅಂದ. ಶಾಪು, ಆಸ್ಪತ್ರೆ, ಔಷಧಿ ಅಂಗಡಿ, ಇಷ್ಟೇ ಹೆಸರು ತಲೆಗೆ ಬಂದದ್ದು. "ಎಲ್ಲಿಗೆ ಅಂತ ಹೇಳಿದ್ರೆ ತಾನೆ ಅಮ್ಮ ಟಿಕೆಟ್ ಕೊಡೋದು" ಅಂದ, ಪಾಪ, ಮೆತ್ತಗೇ. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ವಾಪಸು ಬಂದೆ. ಬಟ್ಟೆ ಬದಲಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಅವನು ಬಂದು ಕೇಳಿದಾಗ, "ಶಾಪಿನವಳ ಮನೆಗೆ ಹೋಗಿದ್ದೆ" ಎಂದು ಸುಳ್ಳು ಹೇಳಿದೆ.

ತಮ್ಮನಿಗಾಗಿ ಎಲ್ಲ ಬಿಟ್ಟವಳು ಎಂದು ಜನ ನನ್ನನ್ನು ಹೊಗಳುತ್ತಾರೆ. ಏನನ್ನು ಬಿಟ್ಟೆ ಎಂದು ಆ ದಿನದಿಂದ ಯೋಚಿಸುತ್ತಿದ್ದೇನೆ, ನೆನಪಾಗುತ್ತಿಲ್ಲ. ನೀನು ನನಗಿಂತ ಎರಡೇ ವರ್ಷ ಚಿಕ್ಕವಳು, ಎಲ್ಲಿ ಹೋದರೂ ನನ್ನ ಹಿಂದೆಯೇ ಬರುತ್ತಿದ್ದವಳು. ನಾವು ಹುಡುಗಿಯರಾಗಿದ್ದಾಗ ನನಗೆ ಎಲ್ಲಿಗೆ ಹೋಗುವುದೆಂದರೆ ಇಷ್ಟವಿತ್ತೇ? ನಿನಗೆ ನೆನಪಿದ್ದರೆ ಬರೆ. ಈ ಸಲ ಫೋನು ಮಾಡಬೇಡ, ಬರೆ.